ಒನಕೆಗೆ ಕಟ್ಟಿದ ಕಪ್ಪೆ

"ಕೊಡೇ, ತಿಂದ್ಬಿಡ್ತೀವಾ ನಾವು?" ಶಾಮಲಮ್ಮ ಸೊಸೆಯ ಮುಂದೆ ಸೆರಗೊಡ್ಡಿ ನಿಂತಳು. ಅವಳ ಹಿಂದೆ ಒನಕೆ ಹಿಡಿದ ಬೀದಿಯ ಹೆಂಗಸರು.

ಆದಿಲಕ್ಷ್ಮಿ ಬಚ್ಚಲ ಪಕ್ಕದ ಒಡಕು ಒರಳಿಗೆ ಅಡ್ಡಲಾಗಿ ಕೂತಿದ್ದಳು. ಒರಳಿನೊಳಗೆ ಒದ್ದೆ ಮರಳು, ಪಾಚಿ, ನೆರಳಿಗೊಂದು ಮಡಕೆ ಚೂರು. ಚೂರಿನಡಿ ಅವಳ ಕಪ್ಪೆ. ದಿನಾ ನೀರು ಬದಲಿಸುತ್ತಿದ್ದಳು. ಸೀಗೆಕಾಯಿ ನೀರು ಅತ್ತ ಹರಿಯದಂತೆ ಮಣ್ಣಿನ ಕಟ್ಟೆ ಹಾಕಿದ್ದಳು. ಸೌದೆ ಮಗುಚಿ ಗೆದ್ದಲು ಆರಿಸಿ ತಿನ್ನಿಸುತ್ತಿದ್ದಳು. ಮಡಿಲು ತುಂಬದ ಹೆಂಗಸಿಗೆ ಆ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳೋಕೆ ಇದ್ದಿದ್ದು ಅದೊಂದೇ.

ಯುದ್ಧದ ವರ್ಷ ಅದು. ನಂಗಲಿ ಸುತ್ತಿನ ಕೆರೆಗಳೆಲ್ಲ ಬಿರುಕು ಬಿಟ್ಟಿದ್ದವು. ಕಪ್ಪೆಯನ್ನು ಬೇವಿನ ಸೊಪ್ಪಿನ ಜೊತೆ ಒನಕೆಗೆ ಕಟ್ಟಿ, ಕಪ್ಪತಲ್ಲಿ, ಅಂದರೆ ಕಪ್ಪೆತಾಯಿ, ಅಂತ ಮನೆಮನೆಗೆ ಹೊತ್ತರೆ ಮಳೆ ಬರುತ್ತೆ ಅನ್ನೋದು ಊರಿನ ನಂಬಿಕೆ. ಎಲ್ಲಿ ಹುಡುಕಿದರೂ ಬೇರೆ ಕಪ್ಪೆ ಸಿಗಲಿಲ್ಲ.

"ಕುಂಕುಮ ಮಾತ್ರ ಹಚ್ಬೇಡಿ ಅತ್ತೆ. ಅದರಲ್ಲಿ ಸುಣ್ಣ ಇರ್ತದೆ, ಚರ್ಮ ಸುಡ್ತದೆ. ಮುಂಚೆ ಸಾಕಿದ್ದ ಕಪ್ಪೆ ನನ್ನ ಅರಿಶಿನದ ಕೈ ತಾಗೇ ಸತ್ತೋಯ್ತು."

"ಕುಂಕುಮ ಇಲ್ದೆ ಮೆರೆಸೋಕೆ ಅದೇನು ಮುಂಡೇನಾ?"

ಹೆಂಗಸರು ನಕ್ಕರು. ಅವರಲ್ಲೊಬ್ಬಳು, ಮುನಿರಾಮಪ್ಪನ ಹೆಂಡತಿ, "ಹೆತ್ತೋರಿಗಿಂತ ಹೆಚ್ಚಾಯ್ತಲ್ಲಮ್ಮ ಇವಳದು," ಅಂದಳು.

ಕಟ್ಟಿ ಹೊತ್ತರು. ಮನೆಮನೆಯಲ್ಲೂ ಒಂದು ಚೊಂಬು ನೀರು, ಆಮೇಲೆ ಚಿಟಿಕೆ ಕುಂಕುಮ. ಆದಿಲಕ್ಷ್ಮಿ ಹಿಂದೆ ಹಿಂದೆಯೇ ನಡೆದು, ಯಾರೂ ನೋಡದಾಗ ಒದ್ದೆ ಸೆರಗಿನಿಂದ ಒರೆಸಿದಳು. ಸಾಯಂಕಾಲ ಕಪ್ಪೆ ಜೀವಂತ ಒರಳಿಗೆ ಬಂತು.

ಮಳೆ ಬರಲಿಲ್ಲ. ಅವಳು ಒರೆಸಿದ್ದನ್ನು ಯಾರೋ ಕಂಡಿದ್ದರು.

"ದೇವರ ಕುಂಕುಮ ಅಳಿಸಿದ್ಳು. ಇನ್ನೆಲ್ಲಿ ಮಳೆ?" ಶಾಮಲಮ್ಮ ಮಗನಿಗೆ ಕೇಳುವ ಹಾಗೆ ಹೇಳಿದಳು. ಆ ಮಗ, ಆದಿಲಕ್ಷ್ಮಿಯ ಗಂಡ ಪೆದ್ದಪ್ಪ, ಎಲೆಗೆ ಸುಣ್ಣ ಸವರುತ್ತ ಕೂತೇ ಇದ್ದ. ಮಾರನೆಯ ದಿನ ಮತ್ತೆ ಮೆರೆಸಬೇಕು ಅಂತಾಯಿತು. ಬೆಳಗಾಗುತ್ತಲೇ ಅತ್ತೆ ಅವಳನ್ನು ಕೋಣೆಗೆ ತಳ್ಳಿ ಹೊರಗಿಂದ ಚಿಲಕ ಹಾಕಿದಳು.

ಹಾಡು ಬೀದಿಯ ತುದಿಯಿಂದ ಶುರುವಾಯಿತು. ಒಂದು ಮನೆಯ ಮುಂದೆ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ನಿಂತಾಗೆಲ್ಲ ಆದಿಲಕ್ಷ್ಮಿ ಗೋಡೆಗೆ ಹಣೆ ಆನಿಸುತ್ತಿದ್ದಳು. ಬಿಸಿಲು ನೆತ್ತಿಗೇರಿದ ಮೇಲೆ ಅತ್ತೆ ಚಿಲಕ ಸರಿಸಿದಳು.

"ಬಾ. ನಮ್ಮನೆ ಕುಂಕುಮ ನೀನೇ ಹಚ್ಬೇಕು. ಮಾಡಿದ ತಪ್ಪು ತೀರ್ಲಿ."

ಬೇವಿನ ಸೊಪ್ಪು ಬಾಡಿತ್ತು. ಕೆಂಪು ಮೆತ್ತಿದ ಮುದ್ದೆಯ ಬೆನ್ನು ಒಡೆದಿತ್ತು. ಕಾಲೊಂದು ಹಗ್ಗದಿಂದ ಜಾರಿ ನೇತಾಡುತ್ತಿತ್ತು. ಗಂಟಲು ಮಾತ್ರ ಇನ್ನೂ ಆಡುತ್ತಿತ್ತು. ಒನಕೆಯಿಂದ ಇಳಿಸೋಕೆ ಮುಂಚೆ ಇನ್ನೂ ಅರ್ಧ ಬೀದಿ ಸುತ್ತೋದು ಬಾಕಿ.

ಅವಳು ತಟ್ಟೆಯಿಂದ ಚಿಟಿಕೆ ತೆಗೆಯಲಿಲ್ಲ, ಹಿಡಿ ತುಂಬ ತೆಗೆದಳು. ಕಪ್ಪೆಯ ತಲೆಯಿಂದ ಮೂಗಿನವರೆಗೆ ಮೆತ್ತಿ, ಹೆಬ್ಬೆರಳನ್ನು ಅದರ ಗಂಟಲ ಮೇಲೆ ಒತ್ತಿಟ್ಟಳು.

"ನೋಡ್ರಮ್ಮ, ಈಗ ಬುದ್ಧಿ ಬಂತು," ಅಂದಳು ಶಾಮಲಮ್ಮ. ಹೆಂಗಸರು ಹಾಡೆತ್ತಿದರು.

ಹಾಡು ಒಂದು ಸುತ್ತು ಮುಗಿದು, ಬೆರಳಡಿಯ ಮಿಡಿತ ನಿಲ್ಲುವವರೆಗೂ ಆದಿಲಕ್ಷ್ಮಿ ಕೈ ತೆಗೆಯಲಿಲ್ಲ.