ಬದರಿನಾಥರ ಹೆಚ್ಚುವರಿ ಹಾಳೆ

ಕಲ್ಕತ್ತೆಯ ತಾರಾತಲಾದ ಫ್ಯಾನ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಗುಣಮಟ್ಟ ತಪಾಸಣೆ ವಿಭಾಗವನ್ನು ನೋಡಿಕೊಂಡು ಬಂದ ಬದರಿನಾಥರಿಗೆ ದೇವರಲ್ಲಿ ಎಷ್ಟು ನಂಬಿಕೆಯಿತ್ತೋ ಗೊತ್ತಿಲ್ಲ, ಆಫೀಸಿನ ಆರೋಗ್ಯ ವಿಮೆಯ ಕಾರ್ಡಿನಲ್ಲಿ ಮಾತ್ರ ಅಚಲ ಭಕ್ತಿಯಿತ್ತು. ನೀಲಿ ಬಣ್ಣದ ಆ ಕಾರ್ಡನ್ನು ಅವರು ಪರ್ಸಿನಲ್ಲಿ ರಾಯರ ಫೋಟೋದ ಬೆನ್ನಿಗೇ ಇಟ್ಟುಕೊಂಡಿದ್ದರು. ಕಷ್ಟ ಬಂದಾಗ ಇಬ್ಬರಲ್ಲಿ ಯಾರನ್ನು ಮೊದಲು ಕರೆಯುತ್ತೀರಿ ಎಂದು ಕೇಳಿದ್ದರೆ ಪಾಪ, ಉತ್ತರ ಹೇಳಲು ತಡವರಿಸುತ್ತಿದ್ದರೇನೋ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಆ ಕಾರ್ಡನ್ನು ಬಳಸಿದ್ದು ಒಂದೇ ಸಲ, ಮಗಳು ಪೂರ್ವಿಗೆ ಡೆಂಗಿ ಬಂದಾಗ.

ಸ್ವಂತಕ್ಕೊಂದು ಪಾಲಿಸಿ ಮಾಡಿಸಿ ಎಂದು ಚೆನ್ನಮ್ಮ ಒಂಬತ್ತು ವರ್ಷಗಳಿಂದ ಹೇಳುತ್ತಿದ್ದರು. ಚೆನ್ನಮ್ಮ ಹುಬ್ಬಳ್ಳಿಯವರು. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಇವರಿಗೆ ವಿಮೆ ಮಾರುವ ಕೆಲಸ. ಕಲ್ಕತ್ತೆಯ ಕನ್ನಡಿಗರಲ್ಲಿ ಅವರನ್ನು ದೂರದಿಂದ ಕಂಡು ರಸ್ತೆಯ ಆ ಬದಿಗೆ ದಾಟಿಕೊಳ್ಳದವರು ಕಡಿಮೆ. ಬದರಿನಾಥರು ಮಾತ್ರ ದಾಟುತ್ತಿರಲಿಲ್ಲ. ವಾದದಲ್ಲಿ ಗೆಲ್ಲುವುದು ಖಚಿತವಿದ್ದವರು ಓಡಿಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಕಾಫಿಪುಡಿ ಕೊಳ್ಳುತ್ತ ನಿಂತಲ್ಲೇ ಈ ವಾದ ನಡೆಯುತ್ತಿತ್ತು.

"ಸರ್ರ, ಆಫೀಸಿನ ಪಾಲಿಸಿ ಆಫೀಸ್ ಇರೋತನಕ ಅಷ್ಟರಿ. ರಿಟೈರ್ ಆದ ಮರುದಿನ ಅದು ಬರೇ ಪ್ಲಾಸ್ಟಿಕ್ ಚೀಟಿ."

"ನೋಡಮ್ಮ, ಕಂಪನಿ ಬಿಟ್ಟಿ ಕೊಡ್ತಿರೋವಾಗ ಹೊರಗಡೆ ದುಡ್ಡು ಕೊಟ್ಟು ಇನ್ನೊಂದು ತಗೊಳ್ಳೋದು ಅಂದ್ರೆ, ಮನೇಲಿ ಊಟ ಮಾಡಿ ಹೋಟ್ಲಲ್ಲಿ ಬಿಲ್ ಕಟ್ಟಿದ ಹಾಗೆ."

ಈ ಮಾತನ್ನು ಅವರು ಪ್ರತಿವರ್ಷವೂ ಹೇಳುತ್ತಿದ್ದರು, ಪ್ರತಿವರ್ಷವೂ ಆಗಷ್ಟೇ ಹೊಳೆದಂತೆ ತಾವೇ ಮೊದಲು ನಗುತ್ತಿದ್ದರು. ಪಕ್ಕದಲ್ಲಿ ಚೀಲ ಹಿಡಿದು ನಿಂತ ಹೆಂಡತಿ ಸುಭದ್ರಾ ತೆಂಗಿನಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಚೆನ್ನಮ್ಮ ಮುಂದಿನ ಬಡಪಾಯಿಯನ್ನು ಹುಡುಕಿಕೊಂಡು ಹೋಗುತ್ತಿದ್ದರು.

ವರ್ಷಗಳು ಯಾರ ಚಮತ್ಕಾರದ ಮಾತಿಗೂ ಕಾಯುವುದಿಲ್ಲ. ಈ ಸಲದ ಜನವರಿಯಲ್ಲಿ ಕಂಪನಿಯಿಂದ ಪತ್ರ ಬಂತು. ಬದರಿನಾಥರಿಗೆ ಐವತ್ತೆಂಟು ತುಂಬುವುದರಿಂದ ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಅವರ ಅಮೂಲ್ಯ ಸೇವೆಗೆ ಕಂಪನಿ ಋಣಿ. ಅದೇ ದಿನ ಗುರುತಿನ ಚೀಟಿಯನ್ನೂ ಆರೋಗ್ಯ ಕಾರ್ಡನ್ನೂ ಹಿಂದಿರುಗಿಸತಕ್ಕದ್ದು. ಬದರಿನಾಥರು ಪತ್ರವನ್ನು ನಾಲ್ಕು ಸಲ ಓದಿದರು. ಎಲ್ಲಾದರೂ ತಪ್ಪು ಸಿಕ್ಕಿದರೆ ವಾಪಸು ಕಳಿಸಬಹುದಲ್ಲ ಎಂಬ ಆಸೆ. ಒಂದೂ ಸಿಗಲಿಲ್ಲ.

"ಊರು ಕೊಳ್ಳೆ ಹೊಡೆದ ಮೇಲಾದ್ರೂ ಕೋಟೆ ಬಾಗ್ಲು ಹಾಕೋಣ," ಎಂದು ಸುಭದ್ರಾ ತಾವೇ ಚೆನ್ನಮ್ಮನಿಗೆ ಫೋನು ಮಾಡಿದರು.

ಚೆನ್ನಮ್ಮ ಎರಡು ಅರ್ಜಿ ತಂದರು, ಇಬ್ಬರಿಗೂ ಬೇರೆಬೇರೆ. ಸುಭದ್ರಾ ಕುಕ್ಕರಿನ ಮೂರು ಕೂಗಿನೊಳಗೆ ತಮ್ಮದನ್ನು ಮುಗಿಸಿದರು: ಬಿ.ಪಿ. ಇದೆ, ದಿನಕ್ಕೊಂದು ಮಾತ್ರೆ, ಸಹಿ. ಬದರಿನಾಥರು ತಮ್ಮದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಓದಲು ಮೂರು ದಿನ ಬೇಕು ಎಂದರು.

ಕಾರ್ಖಾನೆಯಲ್ಲಿ ಅವರ ಮೇಜಿನ ಹಿಂದೆ ಒಂದು ಫಲಕವಿತ್ತು, 'ಬರೆಯದೆ ಬಿಟ್ಟದ್ದು ನಡೆದೇ ಇಲ್ಲ' ಎಂದು. ಅದನ್ನು ಮೂರು ಭಾಷೆಗಳಲ್ಲಿ ಅವರೇ ಬರೆಸಿದ್ದರು. ಒಂದು ಫ್ಯಾನಿನ ರೆಕ್ಕೆಯ ಮೇಲೆ ಗೀರು ಕಂಡರೆ ಅದು ಎಷ್ಟುದ್ದ, ಯಾವ ಕಡೆ, ಯಾವ ಬೆಳಕಿನಲ್ಲಿ ಕಂಡಿತು ಎಂಬುದೆಲ್ಲ ದಾಖಲಾಗಬೇಕು. ಅಂಥವರ ಕೈಗೆ ಈ ಅರ್ಜಿ ಸಿಕ್ಕಿತು. ಅದರ ನಾಲ್ಕನೇ ಪುಟದಲ್ಲಿ ಒಂದು ಪ್ರಶ್ನೆ: ನಿಮಗೆ ಎಂದಾದರೂ ಯಾವುದೇ ಕಾಯಿಲೆ, ನೋವು ಅಥವಾ ತೊಂದರೆ ಕಾಣಿಸಿಕೊಂಡಿದೆಯೇ? ಇದ್ದರೆ ವಿವರ ಕೊಡಿ. ಸ್ಥಳ ಸಾಲದಿದ್ದರೆ ಹೆಚ್ಚುವರಿ ಹಾಳೆ ಲಗತ್ತಿಸಿ.

ಹುಟ್ಟಿದಾಗಿನಿಂದ ಬದರಿನಾಥರನ್ನು ಇಷ್ಟು ಅಕ್ಕರೆಯಿಂದ ಯಾರೂ ವಿಚಾರಿಸಿರಲಿಲ್ಲ.

ಅವರು ಹೆಚ್ಚುವರಿ ಹಾಳೆ ತೆಗೆದುಕೊಂಡರು. ಮೂರು ದಿನ ಸಾಲದೆ ಎರಡು ಭಾನುವಾರ ಬೇಕಾಯಿತು. ಒಂದನೆಯದು, ಮೂರನೇ ಕ್ಲಾಸಿನಲ್ಲಿ ಬಂದ ಸೀತಾಳೆ ಸಿಡುಬು. ನಾಲ್ಕನೆಯದು, ಚಿಕ್ಕಪ್ಪನ ಮದುವೆಯಲ್ಲಿ ಹಲಸಿನಹಣ್ಣು ಅತಿಯಾಗಿ ತಿಂದು ಆದ ಅಜೀರ್ಣ, ಊರು ನಂಜನಗೂಡು. ಒಂಬತ್ತನೆಯದು, ಪರೀಕ್ಷೆಯ ವೇಳೆ ಫ್ಯಾನಿಗೆ ತಗುಲಿದ ಎಡಗೈ ಹೆಬ್ಬೆರಳು. ಬೆರಳು ವಾಸಿಯಾಗಿದೆ, ಫ್ಯಾನನ್ನು ತಿರಸ್ಕರಿಸಲಾಯಿತು. ಹನ್ನೆರಡನೆಯದು, ಗೊರಕೆ, ಮಾಹಿತಿ ಮೂಲ ಹೆಂಡತಿ, ಸ್ವತಃ ಪರಿಶೀಲಿಸಿಲ್ಲ.

ಹದಿನೇಳನೆಯದನ್ನು ಬರೆಯುವ ಮುನ್ನ ಅವರು ಎದ್ದು ಹೋಗಿ ನೀರು ಕುಡಿದು ಬಂದರು. ಹೋದ ಡಿಸೆಂಬರಿನಲ್ಲಿ ಪಾರ್ಕ್ ಸ್ಟ್ರೀಟಿನ ಹೆಡ್ಡಾಫೀಸಿನಿಂದ ಹಿಂದಿರುಗುವಾಗ, ಕಾಳೀಘಾಟ್ ಮೆಟ್ರೋ ಮೆಟ್ಟಿಲು ಹತ್ತುತ್ತಿದ್ದಂತೆ ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟಂತಾಗಿತ್ತು. ಬೆವರು ಕಿತ್ತುಕೊಂಡು ಬಂದಿತ್ತು. ಕಂಬಿ ಹಿಡಿದು ಐದು ನಿಮಿಷ ನಿಂತ ಮೇಲೆ ಸರಿಹೋಯಿತು. ಹೀಗೆ ಮೂರು ಸಲ. ಕಲ್ಕತ್ತೆಯಲ್ಲಿ ಎದೆ ನೋಯಲಿ, ಬೆನ್ನು ನೋಯಲಿ, ಮನಸ್ಸೇ ನೋಯಲಿ, ಎಲ್ಲವೂ ಗ್ಯಾಸೇ. ಬೀದಿಯ ಔಷಧಿ ಅಂಗಡಿಯವನು ಬಾಯಿ ತೆರೆಯುವ ಮೊದಲೇ ಗ್ಯಾಸಿನ ಮಾತ್ರೆ ಕೊಡುತ್ತಾನೆ. ಬದರಿನಾಥರೂ ಹತ್ತು ಮಾತ್ರೆಯ ಪಟ್ಟಿ ಕೊಂಡು ತಂದು ಸುಮ್ಮನಾಗಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಸುಭದ್ರಾ ಹೆದರುತ್ತಾರೆ ಎಂಬುದು ಅವರು ತಮಗೆ ತಾವೇ ಕೊಟ್ಟುಕೊಂಡ ಕಾರಣ. ಹೆದರಿದ್ದು ಅವರೇ.

ಆದರೆ ಬರೆಯದೆ ಬಿಡುವುದು ಹೇಗೆ? ತಾರೀಕು, ಸಮಯ, ಎಷ್ಟನೇ ಮೆಟ್ಟಿಲು, ಎಲ್ಲ ಬರೆದರು. 'ವೈದ್ಯರಿಗೆ ತೋರಿಸಿಲ್ಲ. ಹೆಂಡತಿಗೆ ತಿಳಿಸಿಲ್ಲ' ಎಂದು ಕೊನೆಗೆ ಸೇರಿಸಿದರು. ಬರೆದಾದ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದರೆ ಆ ರಾತ್ರಿ ಎರಡು ದೋಸೆ ಹೆಚ್ಚಿಗೆ ತಿಂದರು.

ಅರ್ಜಿ ಒಯ್ಯಲು ಬಂದ ಚೆನ್ನಮ್ಮನ ಕೈಗೆ ಅಂಟು ಹಾಕಿದ ಲಕೋಟೆಯನ್ನೂ ಕೊಡಲಿಲ್ಲ.

"ಸರ್ರ, ಒಮ್ಮೆ ತೋರ್ಸ್ರಿ. ಏನರ ಹೆಚ್ಚು-ಕಡಿಮಿ ಬರ್ದಿದ್ರ ತಿದ್ದೂಣು."

"ತಪಾಸಣೆ ವರದಿ ಮಾರಾಟದವರ ಕೈಗೆ ಹೋಗಬಾರದಮ್ಮ. ಅದು ನಿಯಮ. ನಾನೇ ಸ್ಪೀಡ್ ಪೋಸ್ಟ್ ಮಾಡ್ತೀನಿ."

ಚೆನ್ನಮ್ಮ ಸುಭದ್ರಾರ ಮುಖ ನೋಡಿದರು. ಸುಭದ್ರಾ ಕಾಫಿ ತರಲು ಒಳಗೆ ಹೋದರು.

ಸುಭದ್ರಾರ ಪಾಲಿಸಿ ಎಂಟೇ ದಿನದಲ್ಲಿ ಬಂತು. ಬಿ.ಪಿ.ಗೆಂದು ಕಂತು ಸ್ವಲ್ಪ ಏರಿಸಿದ್ದರು, ಅಷ್ಟೆ. ಬದರಿನಾಥರ ರಕ್ತ ತೆಗೆದುಕೊಂಡು ಹೋದರು, ಒಂದು ಇ.ಸಿ.ಜಿ. ಮಾಡಿದರು, ಆಮೇಲೆ ಸದ್ದಿಲ್ಲ. ಅಷ್ಟು ದೀರ್ಘವಾದ ದಾಖಲೆಯನ್ನು ಶ್ರದ್ಧೆಯಿಂದ ಓದುತ್ತಿದ್ದಾರೆ ಎಂದು ಅವರು ಹೆಮ್ಮೆಪಟ್ಟರು. ಮಾರ್ಚ್ ಹದಿನೇಳಕ್ಕೆ ಮೇಲ್ ಬಂತು, ಎರಡೇ ಸಾಲು. ನಿಮ್ಮ ಪ್ರಸ್ತಾವವನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ನಿಮಗೆ ಉತ್ತಮ ಆರೋಗ್ಯವನ್ನು ಹಾರೈಸುತ್ತೇವೆ.

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಎಷ್ಟೋ ಸಾವಿರ ಫ್ಯಾನುಗಳ ಹಣೆಗೆ ಕೆಂಪು ಚೀಟಿ ಅಂಟಿಸಿದವರು ಈಗ ತಮ್ಮ ಹಣೆ ಮುಟ್ಟಿ ನೋಡಿಕೊಳ್ಳುವಂತಾಯಿತು.

"ಕಾರಣ ಬರೀದೆ ರಿಜೆಕ್ಟ್ ಮಾಡೋದು ತಪ್ಪು ಪದ್ಧತಿ," ಎಂದರು ಮನೆಯವರಿಗೆ ಕೇಳುವಂತೆ. ಅಷ್ಟು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತರು. ಇನ್ನು ಹದಿನಾಲ್ಕು ದಿನ. ಆಮೇಲೆ ಆಸ್ಪತ್ರೆ ಎಂದರೆ ಈ ಫ್ಲ್ಯಾಟು ಮಾರುವುದು, ಇಲ್ಲ ಪೂರ್ವಿಯ ಓದು ನಿಲ್ಲಿಸುವುದು. ಆ ರುಬ್ಬುಗುಂಡು ಎಲ್ಲಿಗೂ ಹೋಗಿಲ್ಲ, ಮೆಟ್ಟಿಲ ಮೇಲೆ ಕಾಯುತ್ತಿದೆ ಎಂದು ಅವರಿಗೆ ಗೊತ್ತಿತ್ತು.

ಮರುದಿನ ಸಂಜೆ ಚೆನ್ನಮ್ಮ ಬಂದವರೇ, "ಏನ್ ಬರ್ದೀರಿ ಸರ್ರ, ಅದನ್ನ ತೋರ್ಸ್ರಿ ಮದ್ಲ," ಎಂದರು. ಮೂರು ಪ್ರತಿ ಮಾಡಿಡುವುದು ಬದರಿನಾಥರ ಪದ್ಧತಿ. ಒಂದನ್ನು ಫೈಲಿನಿಂದ ತೆಗೆದುಕೊಟ್ಟರು. ಹೆಚ್ಚುವರಿ ಹಾಳೆ ಒಟ್ಟು ಆರು ಪುಟ, ಇಂಗ್ಲಿಷಿನಲ್ಲಿ, ಮುತ್ತು ಪೋಣಿಸಿದಂಥ ಅಕ್ಷರ. ಜಾದವಪುರದಲ್ಲಿ ಎಂ.ಎ. ಓದುತ್ತಿದ್ದ ಪೂರ್ವಿ ಅದನ್ನು ಕಸಿದುಕೊಂಡು ಜೋರಾಗಿ ಓದತೊಡಗಿದಳು.

"ಅಪ್ಪ, ಸೀರಿಯಸ್ಲಿ? ಜ್ಯಾಕ್‌ಫ್ರೂಟ್ ಕೂಡ ಬರ್ದಿದೀಯಾ? ಊರಿನ ನಾಮ್ ಕೂಡ?"

ಗೊರಕೆಯ ಹತ್ತಿರ ಬಂದಾಗ ಚೆನ್ನಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಸುಭದ್ರಾರೂ ನಗುತ್ತಿದ್ದರು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತಂತೆ," ಎಂದರು. ನಗದೇ ಇದ್ದವರು ಬದರಿನಾಥರೊಬ್ಬರೇ. ಹದಿನಾರಾಯಿತು. ಹಾಳೆಯನ್ನು ಕೇಳಿ ತೆಗೆದುಕೊಳ್ಳಬೇಕೆಂದು ಕೈ ಚಾಚಿದರು, ತಡವಾಗಿತ್ತು.

ಪೂರ್ವಿ ಓದುವುದನ್ನು ನಿಲ್ಲಿಸಿದಳು.

"ಏನು?" ಎಂದರು ಸುಭದ್ರಾ.

"ಅಮ್ಮ, ಇದು..."

"ಓದು."

ಪೂರ್ವಿ ಓದಿದಳು. ತಾರೀಕು, ಸಮಯ, ಮೆಟ್ಟಿಲು, ಬೆವರು. ಕೊನೆಯ ಸಾಲನ್ನು ನುಂಗಿಕೊಳ್ಳಲು ನೋಡಿದಳು, ಸುಭದ್ರಾ ಬಿಡಲಿಲ್ಲ. ಹೆಂಡತಿಗೆ ತಿಳಿಸಿಲ್ಲ.

ಕೆಳಗೆ ಬೀದಿಯಲ್ಲಿ ಆಟೋದವರು ಗರಿಯಾಹಾಟ್, ಗರಿಯಾಹಾಟ್ ಎಂದು ಕೂಗುತ್ತಿದ್ದರು. ಸುಭದ್ರಾ ಬಹಳ ಮೆತ್ತಗೆ ಮಾತಾಡಿದರು.

"ಒಂಬತ್ತನೇ ತಾರೀಕು. ಅವತ್ತು ನೀವು ಬಂದು ಬಿಸಿಬೇಳೆ ಬಾತ್ ಎರಡು ಸಲ ಹಾಕಿಸ್ಕೊಂಡ್ರಿ."

"ಹೂಂ."

"ಜೊತೇಲಿರೋ ನಂಗೆ ಹೇಳ್ದೇ ಇರೋದನ್ನ, ಮುಖ ನೋಡ್ದೇ ಇರೋರಿಗೆ ಸ್ಪೀಡ್ ಪೋಸ್ಟಲ್ಲಿ ಕಳಿಸಿದೀರಿ."

"ಅವರು ಕೇಳಿದ್ರು ಕಣೇ."

ಬದರಿನಾಥರು ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳುವುದು ಅವರ ಕಸುಬು. ಆದರೆ ಹೆಂಡತಿಯ ಮುಖ ನೋಡಿದ ಮೇಲೆ, ಈ ಒಂದನ್ನಾದರೂ ದಾಖಲಿಸದೆ ಬಿಡಬಹುದಿತ್ತು ಎನಿಸಿತು. ತಾನು ಯಾವತ್ತಾದರೂ ಕೇಳಿದ್ದುಂಟೇ ಎಂದು ಹಿಂದಿನದನ್ನೆಲ್ಲ ತಡಕಾಡುವಂತೆ ಸುಭದ್ರಾ ಗೋಡೆ ನೋಡಿದರು. ಕರಿಬೇವು ತಂದಿರಾ, ಗ್ಯಾಸ್ ಬುಕ್ ಮಾಡಿದಿರಾ, ಪೂರ್ವಿಯ ಫೀಸು ಕಟ್ಟಿದಿರಾ, ಕೊಡೆ ಎಲ್ಲಿ. ಕೇಳಿದ್ದೆಲ್ಲ ಇಂಥವೇ. ಹಾಗೆ ನೋಡಿದರೆ ಅವರ ಬಿ.ಪಿ. ಮಾತ್ರೆ ಯಾವ ಬಣ್ಣದ್ದೆಂದು ಬದರಿನಾಥರಿಗೂ ಗೊತ್ತಿರಲಿಲ್ಲ.

ಚೆನ್ನಮ್ಮ ಹಾಳೆಯನ್ನು ಮಡಚಿ ಸುಭದ್ರಾರ ಕೈಗೆ ಕೊಟ್ಟರು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅವರು ಏನನ್ನೂ ಮಾರಲು ಹೋಗಲಿಲ್ಲ.

"ಅಕ್ಕಾರ, ಅಳೂದು ಆಮ್ಯಾಲ. ಇವರನ್ನ ಬ್ಯಾಡ ಅಂದಿದ್ದು ಹಲಸಿನಹಣ್ಣಿಗಲ್ಲ, ಇದಕ್ಕ. ಇವತ್ತು ಹದಿನೆಂಟು. ಆಫೀಸಿನ ಕಾರ್ಡು ಮೂವತ್ತೊಂದರತನಕ ಜೀವಂತ ಅದ. ಗಾಳಿ ಬಂದಾಗ ತೂರ್ಕೋಬೇಕ್ರಿ. ನಾಳೆ ಮುಂಜಾನೆ ಕರ್ಕೊಂಡು ಹೋಗ್ರಿ."

ಅಲಿಪುರದ ಆಸ್ಪತ್ರೆಯಲ್ಲಿ ಡಾಕ್ಟರು ಏನು ತೊಂದರೆ ಎಂದು ಕೇಳಿದರು. "ಅಂಥಾದ್ದೇನಿಲ್ಲ ಡಾಕ್ಟರ್, ಸ್ವಲ್ಪ ಗ್ಯಾಸು," ಎಂದರು ಬದರಿನಾಥರು. ಸುಭದ್ರಾ ಆರು ಪುಟಗಳನ್ನು ಮೇಜಿನ ಮೇಲಿಟ್ಟರು. ಡಾಕ್ಟರು ಸೀತಾಳೆ ಸಿಡುಬಿನಿಂದ ಶುರುಮಾಡಿ ಕುತೂಹಲದಿಂದ ಓದುತ್ತ ಹೋಗಿ, ಹದಿನೇಳಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟರು. ಟ್ರೆಡ್‌ಮಿಲ್ ಮೇಲೆ ನಡೆಸುವ ಪರೀಕ್ಷೆಯನ್ನು ನಾಲ್ಕೇ ನಿಮಿಷಕ್ಕೆ ನಿಲ್ಲಿಸಬೇಕಾಯಿತು. ದೊಡ್ಡದೊಂದು ರಕ್ತನಾಳ ಬಹುಪಾಲು ಮುಚ್ಚಿತ್ತು. ಇಪ್ಪತ್ತೆರಡಕ್ಕೆ ಸ್ಟೆಂಟ್ ಹಾಕಿದರು. ನೀಲಿ ಕಾರ್ಡು ತನ್ನ ಕೊನೆಯ ದಿನಗಳಲ್ಲಿ ಭಕ್ತನ ಕೈಬಿಡಲಿಲ್ಲ. ಒಂದು ಕಾಗದ ಕಡಿಮೆಯಿದೆ ಎಂದು ಎರಡು ದಿನ ಕಾಡಿಸಿತು, ಆಮೇಲೆ ಪೂರ್ತಿ ಕೊಟ್ಟಿತು.

ಒಂಬತ್ತು ವರ್ಷಗಳ ವಾದದಲ್ಲಿ ಹಾಗಾದರೆ ಗೆದ್ದವರು ಯಾರು? ಆಫೀಸಿನದೇ ಸಾಕು ಎಂದ ಬದರಿನಾಥರನ್ನು ಆಫೀಸಿನದೇ ಉಳಿಸಿತು. ಮೊದಲೇ ಸ್ವಂತದ್ದು ಮಾಡಿಸಿದ್ದರೆ ಅದೂ ಉಳಿಸುತ್ತಿತ್ತು, ಜೊತೆಗೆ ನಾಳೆಯೂ ಇರುತ್ತಿತ್ತು. ಇನ್ನು ಕೆಲವು ವರ್ಷ ಯಾವ ಕಂಪನಿಯೂ ಇವರ ಕಡೆ ತಲೆ ಹಾಕುವುದಿಲ್ಲ ಎಂದು ಚೆನ್ನಮ್ಮ ಹಣ್ಣು ತಂದುಕೊಟ್ಟು ಹೇಳಿಹೋದರು. ಗೆದ್ದ ಗತ್ತು ಅವರ ದನಿಯಲ್ಲಿರಲಿಲ್ಲ, ಅದಕ್ಕೇ ಬದರಿನಾಥರಿಗೆ ಹೆಚ್ಚು ಭಯವಾದದ್ದು.

ಮೂವತ್ತೊಂದಕ್ಕೆ ಬೀಳ್ಕೊಡುಗೆ. ಹಾರ, ಭಾಷಣ, ಸಂದೇಶ್ ಮಿಠಾಯಿ, ಮತ್ತು ಉಡುಗೊರೆಯಾಗಿ ಒಂದು ಸೀಲಿಂಗ್ ಫ್ಯಾನು. ರೆಕ್ಕೆಯ ಮೇಲೆ ಗೀರಿತ್ತು. ಬದರಿನಾಥರು ಕಂಡೂ ಸುಮ್ಮನಿದ್ದರು. ಆಫೀಸಿನವರು ಎರಡು ಕಾರ್ಡುಗಳನ್ನೂ ಒಂದೇ ಲಕೋಟೆಗೆ ಹಾಕಿಸಿಕೊಂಡು ರಸೀದಿ ಕೊಟ್ಟರು.

ಏಪ್ರಿಲ್ ಒಂದರ ಬೆಳಿಗ್ಗೆ ಅವರು ಸ್ನಾನವಿಲ್ಲದೆ, ಆಫೀಸಿಲ್ಲದೆ, ಕಾರ್ಡಿಲ್ಲದೆ ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದರು. ಸುಭದ್ರಾ ಕಾಫಿ ತಂದುಕೊಟ್ಟು ನಿಂತರು.

"ಹೇಗಿದೆ?"

"ಚೆನ್ನಾಗಿದೆ. ಡಿಕಾಕ್ಷನ್ ಸ್ವಲ್ಪ ಕಮ್ಮಿ."

"ಕಾಫಿ ಅಲ್ಲ. ನೀವು."

"ಏನಿಲ್ಲ," ಎಂದರು ಬದರಿನಾಥರು, ಮೂವತ್ತು ವರ್ಷಗಳ ಅಭ್ಯಾಸದಿಂದ.

ಒಳಗೆ ಹಾಲು ಒಲೆಯ ಮೇಲಿತ್ತು. ಸುಭದ್ರಾ ಹೋಗಲಿಲ್ಲ. ಹಾಲು ಉಕ್ಕುವ ಸದ್ದು ಕೇಳಿಸಿತು, ಸೀದ ವಾಸನೆಯೂ ಬಂತು. ಆಗಲೂ ಅವರು ಅಲ್ಲಾಡಲಿಲ್ಲ.

"ರಾತ್ರಿ ಎರಡು ಸಲ ಎಚ್ಚರ ಆಯ್ತು," ಎಂದರು ಬದರಿನಾಥರು ಲೋಟ ಕೆಳಗಿಟ್ಟು. "ನೋವೇನಿರಲಿಲ್ಲ. ತುಂಬ ಭಯ ಆಯ್ತು ಕಣೇ. ನಿನ್ನ ಎಬ್ಬಿಸ್ಬೇಕು ಅನ್ನಿಸ್ತು, ಎಬ್ಬಿಸ್ಲಿಲ್ಲ."

"ಎಷ್ಟು ಗಂಟೇಗೆ?" ಎಂದು ಕೇಳಿ ಸುಭದ್ರಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.