ಇತರೆ ತಪಾಸಣೆ

ಐವತ್ತೆಂಟು ಗಂಡಸರ ವೀರ್ಯ ಪರೀಕ್ಷಿಸಿ ದಾಕ್ಷಾಯಣಿ ಬರೆದ ಪ್ರಬಂಧದ ಕೊನೆಯ ಮಾತು ಇಷ್ಟೇ ಆಗಿತ್ತು: ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಬೈಕಿನ ಮೇಲೆ ಕೂರುವವರಲ್ಲಿ ವೀರ್ಯಾಣುಗಳ ಓಟ ತುಸು ಕಡಿಮೆ ಇರಬಹುದು, ಇನ್ನೂ ಅಧ್ಯಯನ ಬೇಕು. ಟಿವಿಯವರು ‘ತುಸು’ವನ್ನೂ ‘ಬಹುದು’ವನ್ನೂ ಕಿತ್ತೆಸೆದು, ಬೆಂಗಳೂರಿನಲ್ಲಿ ಸದಾ ಗಾಡಿಗಳು ಕಟ್ಟಿ ನಿಲ್ಲುವ ಸಿಗ್ನಲ್ಲೊಂದರ ಹೆಸರು ತಾವೇ ಸೇರಿಸಿ, “ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಿಂತರೆ ಮಕ್ಕಳಾಗಲ್ಲ” ಎಂದು ಇಡೀ ದಿನ ಕೆಂಪಕ್ಷರದಲ್ಲಿ ಓಡಿಸಿದರು.

ದಾಕ್ಷಾಯಣಿ ಬಾಗಲಕೋಟೆ ಕಡೆಯವಳು. ಹನ್ನೊಂದು ವರ್ಷದಿಂದ ಯಲಹಂಕದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅಲ್ಲಿಯವರೆಗೆ ಅವಳ ಪ್ರಬಂಧಗಳನ್ನು ಅವಳ ಗಂಡನೂ ಪೂರ್ತಿ ಓದಿರಲಿಲ್ಲ. ಈಗ ನೋಡಿದರೆ, ಮೂರನೇ ದಿನಕ್ಕೆ ಗೊರಗುಂಟೆಪಾಳ್ಯದ ನಿವಾಸಿಗಳ ಸಂಘದ ಅಧ್ಯಕ್ಷರು ನಾಲ್ವರನ್ನು ಕಟ್ಟಿಕೊಂಡು ಅವಳ ಕೋಣೆಗೇ ಬಂದು ಕೂತಿದ್ದರು. ಹೆಸರು ಮುನಿವೆಂಕಟಯ್ಯ, ಅಲ್ಲಿನ ಹಳೇ ಊರಿನವರು.

“ಇಂಗ್ ಬರ್ದ್ರೆ ಎಂಗ್ ಡಾಕ್ಟ್ರಮ್ಮ? ನಮ್ ಏರಿಯಾ ಹುಡುಗ್ರಿಗೆ ಎಣ್ಣು ಕೊಡಾಕೆ ಇಂದೆಮುಂದೆ ನೋಡ್ತಾವ್ರೆ. ತಪ್ಪಾಯ್ತು ಅಂತ ಪೇಪರ್‌ನಾಗೆ ಆಕ್ಸಿ.”

“ನಾನು ಹಂಗ ಬರದಿಲ್ಲರೀ. ನಿಮ್ಮ ಗಂಡಸ್ರನ್ನ ಪುಕ್ಕಟೆ ಪರೀಕ್ಷೆ ಮಾಡ್ತೀನಿ. ಎಲ್ಲಾ ಚಲೋ ಇದ್ರ, ಯಾರ ಹೆಸರೂ ಹೇಳ್ದಂಗ ಅದನ್ನೂ ಬರಿತೀನಿ.”

ಮುನಿವೆಂಕಟಯ್ಯ ಆರು ಮಕ್ಕಳ ತಂದೆ. ಎದೆಯುಬ್ಬಿಸಿ ಒಪ್ಪಿದರು.

ಭಾನುವಾರ ಸಂಘದ ಹಾಲ್‌ನಲ್ಲಿ ಶಿಬಿರ. ಬ್ಯಾನರ್ ಮೇಲೆ ಏನು ಬರೆಸುವುದೆಂದು ಸಂಘದಲ್ಲಿ ಎರಡು ಸಭೆ ನಡೆದವಂತೆ. ಕೊನೆಗೆ “ಉಚಿತ ಬಿಪಿ, ಶುಗರ್ ಹಾಗೂ ಇತರೆ ತಪಾಸಣೆ” ಎಂದು ಬರೆಸಿದ್ದರು. ಮಧ್ಯಾಹ್ನದ ಹೊತ್ತಿಗೆ ನೂರಾ ಹನ್ನೆರಡು ಗಂಡಸರು ಬಿಪಿ ನೋಡಿಸಿಕೊಂಡರು, ಶುಗರ್ ನೋಡಿಸಿಕೊಂಡರು, ಉಪ್ಪಿಟ್ಟು ತಿಂದರು. ಇತರೆ ತಪಾಸಣೆಯ ಮೇಜಿಗೆ ಒಬ್ಬನೂ ಬರಲಿಲ್ಲ. ಏಳು ಜನ ಮಾತ್ರ ಹೆಂಡಿರನ್ನು ಕಳಿಸಿಕೊಟ್ಟರು.

“ಗಂಡಸ್ರು ಎಲ್ಲಿ?” ಎಂದು ದಾಕ್ಷಾಯಣಿ ಕೇಳಿದರೆ ಒಬ್ಬಾಕೆ, “ಅವ್ರಿಗೇನಿಲ್ವಂತೆ ಮೇಡಂ. ನನ್ನೇ ನೋಡ್ಬೇಕಂತೆ,” ಎಂದಳು.

ಉಪ್ಪಿಟ್ಟು ಬಡಿಸುತ್ತಿದ್ದ ಮುನಿವೆಂಕಟಯ್ಯನವರ ಕಿರಿಸೊಸೆ ಸುಮಾ ಇದನ್ನು ಕೇಳಿಸಿಕೊಂಡಳು. ಸೌಟು ಅಲ್ಲೇ ಬಿಟ್ಟು ಮನೆಗೆ ಹೋಗಿ, ದಪ್ಪನೆಯ ಫೈಲ್ ಒಂದನ್ನು ತಂದು ಮೇಜಿನ ಮೇಲಿಟ್ಟಳು. ನಾಲ್ಕು ವರ್ಷದ ಸ್ಕ್ಯಾನಿಂಗ್, ರಕ್ತಪರೀಕ್ಷೆ, ಹೊಟ್ಟೆಯಲ್ಲಿ ತೂತು ಮಾಡಿ ನೋಡಿದ ವರದಿ, ಎಲ್ಲವೂ ಅದರಲ್ಲಿದ್ದವು. ದಾಕ್ಷಾಯಣಿ ಹಾಳೆ ಹಾಳೆ ತಿರುವಿದಳು. ಎಲ್ಲ ಕಡೆಯೂ ‘ನಾರ್ಮಲ್’.

“ನಿಮ್ಮ ಯಜಮಾನ್ರ ವರದಿ?”

“ಅವ್ರು ಗಂಡಸ್ರಲ್ವಾ ಮೇಡಂ,” ಎಂದಳು ಸುಮಾ, ಚೂರೂ ನಗದೆ.

ಅವತ್ತು ಮನೆಯಲ್ಲಿ ಸುಮಾ ಗಂಡ ಮನೋಹರನಿಗೆ ಒಂದೇ ಮಾತು ಹೇಳಿದಳು. “ನಾಲ್ಕು ವರ್ಷ ನಾನ್ ಹೋಗಿದೀನಿ. ಒಂದ್ ದಿನ ನೀವ್ ಹೋಗಿ. ಇಲ್ಲಾಂದ್ರೆ ಈ ಫೈಲ್‌ನ ಸಂಘದ ಮೀಟಿಂಗ್‌ನಲ್ಲಿ ನಾನೇ ಓದ್ತೀನಿ.”

ಮಂಗಳವಾರ ಬೆಳಿಗ್ಗೆ ಮನೋಹರ ಸುಮಾಳ ಜೊತೆ ಪ್ರಯೋಗಾಲಯಕ್ಕೆ ಬಂದ. ಆಟೋದಲ್ಲಿ ಬಂದಿದ್ದರೂ ತಲೆಗೆ ಹೆಲ್ಮೆಟ್ ಇತ್ತು. ಹೆಸರು ಬರೆಸುವಾಗಲೂ ಅದನ್ನು ತೆಗೆಯಲಿಲ್ಲ. ಒಳಗಿಂದ ಬಂದ ದನಿ ಅರ್ಥವಾಗದೆ ನರ್ಸ್ ಜಹೀರಾ ಮೂರು ಸಲ ಕೇಳಿದಳು. ಮೂರನೇ ಸಲ ಅವನು ಕೂಗಿ ಹೇಳಿದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು.

ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ ಇತ್ತು. ಸ್ಕ್ಯಾನಿಂಗ್ ಕೂಡ ಮಾಡಿಸಿದ್ದಾಯಿತು. ವೃಷಣದ ಬಳಿ ರಕ್ತನಾಳ ಉಬ್ಬಿದೆ, ಸಣ್ಣ ಆಪರೇಷನ್ ಮಾಡಿಸಿದರೆ ಅನೇಕರಿಗೆ ಸರಿಹೋಗುತ್ತದೆ ಎಂದು ದಾಕ್ಷಾಯಣಿ ಗಂಡಹೆಂಡತಿ ಇಬ್ಬರನ್ನೇ ಕೂರಿಸಿ ಹೇಳಿದಳು. ಮನೋಹರ ಆಗ ಹೆಲ್ಮೆಟ್ ತೆಗೆದ. ಮುಖವೆಲ್ಲ ಬೆವೆತಿತ್ತು. ಸುಮಾ ಸೆರಗು ಚಾಚಿದಳು, ಅವನು ಒರೆಸಿಕೊಂಡ.

ಎರಡು ದಿನ ಬಿಟ್ಟು ಮುನಿವೆಂಕಟಯ್ಯನವರ ಫೋನ್ ಬಂತು. ಮಗ ಹೇಳಿಬಿಟ್ಟಿದ್ದ.

“ಡಾಕ್ಟ್ರಮ್ಮ, ತಪ್ಪಾಯ್ತು ಅಂತ ಆಕೋದು ಬ್ಯಾಡ. ಟಿವಿಯೋರು ಏಳಿದ್ದೇ ಸರಿ. ಎಲ್ಲಾ ಆ ಸಿಗ್ನಲ್ದೇ ಕೆಲ್ಸ.”

“ನಿಮ್ಮ ಮಗ ಗಾಡಿ ಓಡಸ್ತಾರೇನ್ರೀ?”

ಮನೋಹರನದು ಮನೆ ಕೆಳಗೇ ಇರುವ ದಿನಸಿ ಅಂಗಡಿ.

“ಸಿಗ್ನಲ್ ಕಡೆಯಿಂದ ಗಾಡಿ ಒಗೆ ಬರ್ತದಲ್ಲಮ್ಮಾ,” ಎಂದರು ಮುನಿವೆಂಕಟಯ್ಯ.

ಆಪರೇಷನ್ ಆಯಿತು. ನೆಂಟರಿಗೆಲ್ಲ ಹರ್ನಿಯಾ ಎಂದು ಹೇಳಲಾಯಿತು. ನೋಡಲು ಬಂದವರು ಕಿತ್ತಳೆ ತಂದರು, ಭಾರ ಎತ್ತಬೇಡ ಎಂದು ಬುದ್ಧಿ ಹೇಳಿದರು. ಮನೋಹರ ಗಂಭೀರವಾಗಿ ತಲೆಯಾಡಿಸಿದ. ಬಂದವರಲ್ಲಿ ಒಬ್ಬ ಮುದುಕಿ ಎಂದಿನಂತೆ ಸುಮಾಳ ಹೊಟ್ಟೆಯ ಕಡೆ ನೋಡಿ, “ಏನವ್ವಾ, ಇನ್ನೂ ಏನೂ ಇಲ್ವಾ?” ಎಂದು ಶುರುಮಾಡಿದಳು.

ನಾಲ್ಕು ವರ್ಷದಿಂದ ಸೊಸೆಯ ಕೈಲಿ ಹನ್ನೆರಡು ದೇವರಿಗೆ ಹರಕೆ ಹೊರಿಸಿದ್ದ ಅತ್ತೆ ಬೈರಮ್ಮ ಬಾಗಿಲಲ್ಲೇ ನಿಂತಿದ್ದರು.

“ಅವ್ಳನ್ಯಾಕ್ ಕೇಳ್ತೀಯ,” ಎಂದರು. “ಕಾಪಿ ಕುಡ್ದು ಒರ್ಡು.”