ನಾಲ್ಕೂ ಕುಚ್ಚಿನ ಶಲ್ಯ

ಬ್ರೈಂಡೆಲ್ ಮುದುಕಿಯ ಬಾಯಿ ಟಿಕೆಟ್ ಕೊಳ್ಳುವಲ್ಲೇ ಶುರುವಾಯಿತು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲಿ ಅವಳು ಆಡಿ ಬೆಳೆದ ಪ್ರಾರ್ಥನಾ ಮಂದಿರ, ಸಿನಗಾಗ್, ಈಗ ವಲಸೆ ಬಂದ ಯಹೂದಿಗಳ ಮ್ಯೂಸಿಯಂ ಆಗಿತ್ತು.

"ನಮ್ಮಪ್ಪ ಹೊಲಿಗೆ ಯಂತ್ರದ ಮುಂದೆ ಬೆನ್ನು ಮುರ್ಕೊಂಡು ಚಂದಾ ಕೊಟ್ಟ ಜಾಗಕ್ಕೆ ನಾನು ಟಿಕೆಟ್ ತಗೋಬೇಕಾ? ಚೆನ್ನಾಗಿದೆ ಕಣೇ ನ್ಯಾಯ!"

"ನಾನು ತಗೊಂಡಾಯ್ತು ಅತ್ತೆ. ಸುಮ್ನೆ ಬನ್ನಿ," ಎಂದಳು ಶುಲಿ.

ಶುಲಿ ಅವಳ ತಮ್ಮ ವೆಲ್ವೆಲನ ಮಗಳು. ವೆಲ್ವೆಲ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅಕ್ಕ ತಮ್ಮ ಮಾತು ಬಿಟ್ಟು ಒಂದು ಆಯುಷ್ಯವೇ ಕಳೆದಿತ್ತು. ಅಪ್ಪ ಸತ್ತ ಮೇಲಾದರೂ ಅತ್ತೆಯೊಡನೆ ಎರಡು ಮಾತಾಡೋಣವೆಂದು ಪಾಪ, ಈ ಹುಡುಗಿಯೇ ಕರೆತಂದಿದ್ದಳು.

ಒಳಗೆ ಗಾಜಿನ ಪೆಟ್ಟಿಗೆಯೊಂದರ ಮುಂದೆ ಬ್ರೈಂಡೆಲ್ ಗಕ್ಕನೆ ನಿಂತಳು. ಅವಳಪ್ಪನ ಪ್ರಾರ್ಥನೆಯ ಶಲ್ಯ. ಕುತ್ತಿಗೆಯ ಕಡೆ ಬೆಳ್ಳಿ ಜರಿಯ ಪಟ್ಟಿ, ಅಂಚಿನಲ್ಲಿ ಅಮ್ಮ ನೀಲಿ ದಾರದಲ್ಲಿ ಹಾಕಿದ ಸೊಟ್ಟ ಹೊಲಿಗೆ. ಗಂಡಸು ಸತ್ತರೆ ಅವನ ಶಲ್ಯದ ನಾಲ್ಕು ಮೂಲೆಯ ಕುಚ್ಚುಗಳಲ್ಲಿ ಒಂದನ್ನು ಕತ್ತರಿಸಿ, ಅದನ್ನೇ ಹೊದಿಸಿ ಹೂಳುತ್ತಾರೆ. ಇದರ ನಾಲ್ಕೂ ಕುಚ್ಚು ಹಾಗೇ ಇದ್ದವು.

ಅವಳಪ್ಪ ಸತ್ತದ್ದು ಒಂದು ಶುಕ್ರವಾರ ಬೆಳಿಗ್ಗೆ. ಸಂಜೆ ಸಬ್ಬತ್, ವಾರದ ವಿಶ್ರಾಂತಿಯ ದಿನ, ಶುರುವಾಗುವುದರೊಳಗೆ ಮಣ್ಣು ಮಾಡಬೇಕು. ಹೆಣವನ್ನು ಒಂಟಿಯಾಗಿ ಬಿಡುವಂತಿಲ್ಲವೆಂದು ವೆಲ್ವೆಲ್ ಪಕ್ಕದಲ್ಲೇ ಕೂತು, "ಅಕ್ಕಾ, ಶಲ್ಯ ಸಿನಗಾಗಿನಲ್ಲಿ ಅಪ್ಪನ ಸೀಟಿನ ಕೆಳಗಿದೆ, ನಾನೇ ಇಟ್ಟಿದ್ದು, ತಗೊಂಬಾ," ಎಂದು ಅವಳನ್ನು ಓಡಿಸಿದ್ದ. ಅವಳು ಇಲ್ಲಿಗೆ ಓಡಿ ಬಂದು ಸೀಟಿನ ಕೆಳಗೆ ಬಗ್ಗಿ ನೋಡಿದರೆ ಬರೀ ಧೂಳು! ಕುದುರೆ ಜೂಜಿನ ಹುಚ್ಚಿದ್ದ ತಮ್ಮ, ಬೆಳ್ಳಿ ಜರಿಯ ಶಲ್ಯ. ಇನ್ನೇನು ಬೇಕು? ಮತ್ತೆ ಹುಡುಕಲು ಹೊತ್ತಿಲ್ಲದೆ ಎರವಲು ಶಲ್ಯದಲ್ಲಿ ಅಪ್ಪನನ್ನು ಗುಂಡಿಗೆ ಇಳಿಸುವಾಗ ಎಲ್ಲರೆದುರು ಕೂಗಿದಳು: "ಹೆತ್ತಪ್ಪನ ಹೊದಿಕೆ ಮಾರ್ಕೊಂಡ್ಯಲ್ಲೋ ಕಳ್ಳಾ!" ಅವನೂ ಅಷ್ಟೇ ಹಟಮಾರಿ. "ನಂಬದವಳಿಗೆ ತಂದು ತೋರಿಸೋ ದರ್ದು ನನಗಿಲ್ಲ," ಎಂದವನು ಮತ್ತೆ ಇತ್ತ ತಲೆ ಹಾಕಲಿಲ್ಲ.

"ಇದು ಎಲ್ಲಿ ಸಿಕ್ತಪ್ಪಾ?" ಮ್ಯೂಸಿಯಂ ತೋರಿಸುವವನನ್ನು ಕೇಳಿದಳು.

"ಬೆಂಚು ರಿಪೇರಿ ಮಾಡೋವಾಗ ಸಿಕ್ತು ಅಜ್ಜಿ, ಸೀಟಿನ ಪೆಟ್ಟಿಗೇಲಿ." ಅವನು ಹತ್ತಿರದ ಬೆಂಚಿನ ಹಲಗೆ ಎತ್ತಿದ. ಕೆಳಗೆ ಟೊಳ್ಳು. "ಸಬ್ಬತ್ ದಿನ ಬೀದೀಲಿ ಏನೂ ಹೊತ್ಕೊಂಡು ಹೋಗೋ ಹಾಗಿಲ್ವಲ್ಲ, ಗಂಡಸ್ರು ಶಲ್ಯಾನ ಇಲ್ಲೇ ಇಟ್ಟು ಹೋಗ್ತಿದ್ರು. ನಿಮಗೆ ಗೊತ್ತಿರ್ಬೇಕಲ್ಲ?"

ಎಲ್ಲಿಂದ ಗೊತ್ತಿರಬೇಕು! ಹೆಂಗಸರ ಜಾಗ ಮಹಡಿಯ ಮೇಲೆ. ಅಲ್ಲಿನ ಬೆಂಚುಗಳಿಗೆ ಪೆಟ್ಟಿಗೆ ಇರಲಿಲ್ಲ. ಮೇಲಿಂದ ಅವಳಿಗೆ ಕಾಣುತ್ತಿದ್ದದ್ದು ಶಲ್ಯ ಹೊದ್ದ ಅಪ್ಪನ ತಲೆಯಷ್ಟೇ.

ಅಯ್ಯೋ ದೇವರೇ, ಹಲಗೆ ಎತ್ತಿ ನೋಡಬಾರದಿತ್ತೇ? ಗಂಡಸರ ಕಡೆ ಯಾರನ್ನಾದರೂ ಕೇಳಬಾರದಿತ್ತೇ? ಶುಲಿಯ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು.

"ನಿಮ್ಮಪ್ಪ ಕಳ್ಳ ಅಲ್ಲ ಕಣೇ. ಹತ್ತು ಜನರನ್ನ ಕರ್ಕೊಂಡು ಹೋಗಿ ಸಮಾಧಿ ಮುಂದೆ ತಪ್ಪು ಒಪ್ಕೊಂಡ್ರೆ ಸತ್ತವರು ಕ್ಷಮಿಸ್ತಾರಂತೆ. ಹತ್ತು ಜನ ಹೊಂದಿಸೇ, ನಾಳೇನೇ ಹೋಗೋಣ."

ಶುಲಿ ಕೈ ಬಿಡಿಸಿಕೊಂಡಳು.

"ಹತ್ತು ಜನ ಎಲ್ಲಿಂದ ತರ್ಲಿ ಅತ್ತೆ? ಅಪ್ಪನ್ನ ಮಣ್ಣು ಮಾಡಿದ ದಿನಾನೂ ಒಂಬತ್ತೇ ಜನ ಇದ್ವಿ. ಹತ್ತು ಆಗ್ದೆ ಸತ್ತವರ ಪ್ರಾರ್ಥನೆ ಹೇಳೋ ಹಾಗಿಲ್ಲ. ನಮ್ಮ ಗುರುಗಳು, ರಬ್ಬಿ, ಹೆಂಗಸ್ರನ್ನೂ ಹತ್ತರ ಲೆಕ್ಕಕ್ಕೆ ಸೇರಿಸ್ಕೋತಾರೆ. ನೀವು ಬಂದೇ ಬರ್ತೀರಾಂತ ಸ್ಮಶಾನದ ಗೇಟಿನ ಹತ್ರ ಕಾದ್ವಿ. ಕೊನೆಗೆ ಪ್ರಾರ್ಥನೆ ಇಲ್ದೇನೇ ಮಣ್ಣು ಹಾಕಿದ್ವಿ."

ಬ್ರೈಂಡೆಲ್ ತೆರೆದ ಬೆಂಚಿನ ಅಂಚನ್ನು ಹಿಡಿದುಕೊಂಡಳು.

"ಆವತ್ತು ನಾನು ಮನೇಲೇ ಇದ್ದೆ ಕಣೇ," ಎಂದಳು. "ಹೊರಡೋಕೇಂತ ಕೋಟು ಹಾಕ್ಕೊಂಡು ಕೂತಿದ್ದೆ."